ಕಿಲೋಗೆ ಎಷ್ಟು ಸಿಗುತ್ತೆ?

ನಮಸ್ಕಾರ. ಇವತ್ತು ರೇಡಿಯೋದಲ್ಲಿ ವೈನ್ ಕಥೆ ಹೇಳಲು ಕೂತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಕುಡಿಯುವವಳಲ್ಲ. ದೊಡ್ಡಬಳ್ಳಾಪುರದ ಕಡೆಯವಳು. ನಮ್ಮ ದೊಡ್ಡಪ್ಪನ ದ್ರಾಕ್ಷಿ ಚಪ್ಪರದ ಕೆಳಗೆ ಆಡಿ, ಬಾಯಿ ಕೈ ಎಲ್ಲ ನೀಲಿ ಮಾಡಿಕೊಂಡು, ಬೈಸಿಕೊಂಡು ಬೆಳೆದವಳು. ದ್ರಾಕ್ಷಿ ಗೊತ್ತು, ವೈನ್ ಗೊತ್ತಿಲ್ಲ.

ಮಗ ಇಟಲಿಯ ಫ್ಲಾರೆನ್ಸ್‌ನಲ್ಲಿ ಓದುತ್ತಿದ್ದಾನೆ. ಹೋದ ವರ್ಷ ಜುಲೈ ಕೊನೆಯಲ್ಲಿ ಅಲ್ಲಿಗೆ ಹೋಗಿದ್ದೆ. ಚರ್ಚು, ಮ್ಯೂಸಿಯಂ ನೋಡಿ ನೋಡಿ ಕಾಲು ನೋವು ಬಂದಿತ್ತು. "ಅಮ್ಮ, ಒಂದು ದಿನ ಹಳ್ಳಿ ಕಡೆ ಹೋಗಿ ಬಾ, ನಿನಗೆ ಇಷ್ಟ ಆಗುತ್ತೆ" ಅಂತ ನನ್ನನ್ನು ಒಂದು ಸಣ್ಣ ವ್ಯಾನ್ ಹತ್ತಿಸಿದ. ಎಂಟು ಜನ, ಒಬ್ಬಳು ಗೈಡ್, ಮೂರು ಮನೆ. ವೈನ್ ಕಂಪನಿ ಅಲ್ಲ, ಮನೆ. ಗಂಡ ಹೆಂಡತಿ ಮಕ್ಕಳು ಸೇರಿ ದ್ರಾಕ್ಷಿ ಬೆಳೆದು, ಅವರೇ ವೈನ್ ಮಾಡಿ, ಅವರೇ ಲೇಬಲ್ ಅಂಟಿಸುವ ಮನೆಗಳು. ಸ್ವಂತ ಕಾರಿನಲ್ಲಿ ಹೋದರೆ ವಾಪಸ್ ಬರುವುದು ಕಷ್ಟ, ಅಲ್ಲಿ ರಕ್ತದಲ್ಲಿ ಲೀಟರಿಗೆ ಅರ್ಧ ಗ್ರಾಂ ಆಲ್ಕೋಹಾಲ್ ದಾಟಿದರೆ ದಂಡ. ಅದಕ್ಕೇ ಈ ವ್ಯಾನುಗಳಿಗೆ ಅಷ್ಟು ಗಿರಾಕಿ.

ಫ್ಲಾರೆನ್ಸ್‌ನಿಂದ ಸಿಯೆನಾ ಊರಿಗೆ ಹೋಗುವ ಹಳೇ ರಸ್ತೆ, ಬರೀ ತಿರುವು. ಗುಡ್ಡ, ಆಲಿವ್ ಮರ, ಕಾಡು, ನಡುವೆ ದ್ರಾಕ್ಷಿ. ಈ ಸೀಮೆಗೆ ಕಿಯಾಂತಿ ಅಂತ ಹೆಸರು. 1716ರಲ್ಲೇ ಅಲ್ಲಿನ ದೊರೆ, ಮೂರನೇ ಕೊಸಿಮೊ, ಇಲ್ಲಿಂದ ಇಲ್ಲಿಯವರೆಗೆ ಬೆಳೆದದ್ದಕ್ಕೆ ಮಾತ್ರ ಈ ಹೆಸರು ಅಂತ ಗಡಿ ಹಾಕಿಬಿಟ್ಟಿದ್ದ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೆ ಅಂಥ ಗುರುತು ಸಿಕ್ಕಿದ್ದು 2013ರಲ್ಲಿ. ಮುನ್ನೂರು ವರ್ಷ ತಡ, ಪರವಾಗಿಲ್ಲ.

ಬಾಟಲಿಗಳ ಮೇಲೆ ಕರಿ ಹುಂಜದ ಚಿತ್ರ ಇರುತ್ತದೆ. ಅದರ ಕಥೆಯನ್ನು ಗೈಡ್ ವ್ಯಾನಿನಲ್ಲೇ ಹೇಳಿದಳು. ಫ್ಲಾರೆನ್ಸ್‌ಗೂ ಸಿಯೆನಾಕ್ಕೂ ಗಡಿ ಜಗಳ. ಕೋಳಿ ಕೂಗಿದಾಗ ಎರಡೂ ಊರಿಂದ ಒಬ್ಬೊಬ್ಬ ಸವಾರ ಹೊರಡಬೇಕು, ಇಬ್ಬರೂ ಎದುರಾದ ಕಡೆ ಗಡಿ. ಸಿಯೆನಾದವರು ಬಿಳಿ ಹುಂಜಕ್ಕೆ ಹೊಟ್ಟೆ ತುಂಬಾ ಹಾಕಿ ಸಾಕಿದರು. ಫ್ಲಾರೆನ್ಸ್‌ನವರು ಕರಿ ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜ ಬೆಳಕು ಹರಿಯುವ ಮೊದಲೇ ಕೂಗಿತು, ಫ್ಲಾರೆನ್ಸ್ ಸವಾರ ಸಿಯೆನಾ ಹತ್ತಿರ ಹತ್ತಿರ ಬಂದುಬಿಟ್ಟ. ಪಾಪ ಕೋಳಿ, ಅಂದುಕೊಂಡೆ.

ಮೊದಲ ಮನೆಯಲ್ಲಿ ನಾನೊಂದು ಎಡವಟ್ಟು ಮಾಡಿಕೊಂಡೆ. ಮೇಜಿನ ಮೇಲೆ ಒಂದು ಡಬ್ಬ ಇಟ್ಟಿದ್ದರು. ರುಚಿ ನೋಡಿ ಉಳಿದದ್ದನ್ನು ಅದಕ್ಕೆ ಸುರಿಯಬೇಕಂತೆ, ಬೇಕಾದರೆ ಉಗಿಯಲೂಬಹುದು. ಕೊಟ್ಟಿದ್ದನ್ನು ಚೆಲ್ಲಬಾರದು ಅಂತ ಹೇಳಿಸಿಕೊಂಡು ಬೆಳೆದವಳು ನಾನು. ನಾಲ್ಕು ಲೋಟದಲ್ಲಿ ಹಾಕಿದ್ದನ್ನೂ ಒಗರು ಒಗರಾಗಿ ನುಂಗಿದೆ. ಎರಡನೇ ಮನೆಯ ಬಗ್ಗೆ ನನಗೆ ಹೆಚ್ಚು ನೆನಪಿಲ್ಲ. ವ್ಯಾನಿನಲ್ಲಿ ನಿದ್ದೆ ಮಾಡಿದೆ ಅಂತ ಇಟ್ಟುಕೊಳ್ಳಿ.

ಮೂರನೆಯದು ರಾದ್ದಾ ಊರಿನ ಆಚೆ. ಹದಿನೈದು ಎಕರೆ ಜಮೀನು, ಕಲ್ಲಿನ ಮನೆ, ಎಪ್ಪತ್ತು ದಾಟಿದ ಅಜ್ಜಿ, ಅವರ ಮಗ, ಸೊಸೆ. ಮಗ ನೇರ ತೋಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ನನಗೆ ನಿದ್ದೆ ಹಾರಿಹೋಯಿತು.

ಚಪ್ಪರವೇ ಇಲ್ಲ! ತಂತಿ ಎಳೆದು, ಸಾಲು ಸಾಲಾಗಿ, ಎದೆಮಟ್ಟಕ್ಕೆ ನಿಲ್ಲಿಸಿದ ಬಳ್ಳಿ. ನಮಗೆ ಬಿಸಿಲು ತಡೆಯಲು ಎಲೆಯ ನೆರಳು ಬೇಕು, ಅವರಿಗೆ ಗೊನೆಗೆ ಬಿಸಿಲು ಬೀಳಬೇಕು. ನೆಲದಲ್ಲಿ ಮಣ್ಣಿಗಿಂತ ಕಲ್ಲೇ ಜಾಸ್ತಿ, ಗಲೆಸ್ತ್ರೊ ಅನ್ನುತ್ತಾರೆ, ಹಾಳೆ ಹಾಳೆಯಾಗಿ ಕೈಯಲ್ಲೇ ಪುಡಿಯಾಗುತ್ತದೆ. ಸಾಂಜೊವೇಸೆ ಅನ್ನುವ ತಳಿ, ಆಗಷ್ಟೇ ಹಸಿರಿನಿಂದ ನೀಲಿಗೆ ತಿರುಗುತ್ತಿತ್ತು. ಲೇಬಲ್ ಮೇಲೆ ಈ ಸೀಮೆಯ ವೈನಿನ ಹೆಸರು, ಕಿಯಾಂತಿ ಕ್ಲಾಸಿಕೊ, ಅಂತ ಬರೆಯಬೇಕಾದರೆ ಬಾಟಲಿಯಲ್ಲಿ ನೂರಕ್ಕೆ ಎಂಬತ್ತು ಪಾಲಾದರೂ ಇದೇ ಇರಬೇಕು.

ಸಾಲಿನ ಕೆಳಗೆ ನೋಡಿದರೆ, ಗೊನೆಗಳು ಬಿದ್ದಿವೆ. ಒಂದೆರಡಲ್ಲ, ರಾಶಿ. ನಾನು ಗಾಬರಿಯಾಗಿ, ಆಲಿಕಲ್ಲು ಬಿತ್ತಾ ಅಂತ ಕೇಳಿದೆ. ಅವರು ನಕ್ಕರು. ಅವರೇ ಕತ್ತರಿಸಿ ಹಾಕಿದ್ದಂತೆ! ಹೆಚ್ಚು ಗೊನೆ ಬಿಟ್ಟರೆ ರಸ ಸಪ್ಪೆಯಾಗುತ್ತದೆ, ಉಳಿದವಕ್ಕೆ ಶಕ್ತಿ ಸಿಗಲಿ ಅಂತ. ಲೇಬಲ್ ಮೇಲೆ ಆ ಹೆಸರು ಉಳಿಯಬೇಕಾದರೆ ಹೆಕ್ಟೇರಿಗೆ ಏಳೂವರೆ ಟನ್ ದಾಟುವಂತಿಲ್ಲ, ಅಂದರೆ ಎಕರೆಗೆ ಮೂರೇ ಟನ್ನು. ನಮ್ಮ ದೊಡ್ಡಪ್ಪ ಎಕರೆಗೆ ಹತ್ತು ಟನ್ ಬರದಿದ್ದರೆ ಊಟ ಬಿಡುತ್ತಾರೆ. ಅದೂ ವರ್ಷಕ್ಕೆ ಎರಡು ಫಸಲು. ಇಲ್ಲಿ ಒಂದೇ, ಚಳಿಗಾಲದಲ್ಲಿ ಬಳ್ಳಿ ಪೂರ್ತಿ ಮಲಗಿಬಿಡುತ್ತದೆ.

ಉಳಿದಂತೆ ಕಷ್ಟ ಎಲ್ಲ ನಮ್ಮದೇ. ಎಲೆಗೆ ರೋಗ ಬಂದರೆ ಮೈಲುತುತ್ತ ಹೊಡೆಯುತ್ತಾರೆ, ನಮ್ಮ ಅಡಿಕೆಯವರ ಹಾಗೆ. ರಾತ್ರಿ ಕಾಡುಹಂದಿ ಕಾಟ. ಸುತ್ತ ಕರೆಂಟ್ ಬೇಲಿ ಹಾಕಿದ್ದರು. ತೀರ್ಥಹಳ್ಳಿಯಲ್ಲಿ ನಿಂತಿದ್ದೇನೋ ಅನ್ನಿಸಿತು.

ಅಜ್ಜಿಯ ಅಪ್ಪನ ಕಾಲದಲ್ಲಿ ಈ ಜಮೀನು ಅವರದಾಗಿರಲಿಲ್ಲ. ಧಣಿಯ ಜಮೀನು, ಇವರದು ದುಡಿಮೆ, ಬೆಳೆದದ್ದರಲ್ಲಿ ಅರ್ಧ ಧಣಿಗೆ. ಮೆಜ್ಜದ್ರಿಯಾ ಅಂತ ಕರೆಯುತ್ತಿದ್ದರು. ನಾವು ವಾರ, ಕೋರು ಅನ್ನುವುದಿಲ್ಲವಾ, ಅದೇ. 1964ರಲ್ಲಿ ಹೊಸದಾಗಿ ಹಾಗೆ ಕೊಡುವುದನ್ನು ಕಾನೂನು ನಿಲ್ಲಿಸಿತು. ಅಷ್ಟರಲ್ಲಿ ಅರ್ಧ ಊರು ಕಾರ್ಖಾನೆ ಕೆಲಸಕ್ಕೆ ಹೊರಟುಹೋಗಿತ್ತು. ಇವರು ಉಳಿದರು, ಸಾಲ ಮಾಡಿ ಕೊಂಡರು. ಅಜ್ಜಿ ಇದನ್ನು ಬ್ರೆಡ್ ಸುಡುತ್ತಾ ಹೇಳಿದರು, ಗೈಡ್ ಇಂಗ್ಲಿಷಿನಲ್ಲಿ ಹೇಳಿದಳು. ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ, ಅವರದೇ ಆಲಿವ್ ಎಣ್ಣೆ ಸುರಿದು ಕೊಟ್ಟರು. ಅಲ್ಲಿನ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಎಣ್ಣೆ ಮಾತ್ರ ಗಂಟಲಲ್ಲಿ ಮೆಣಸಿನ ಹಾಗೆ ಚುರುಕ್ ಅಂತು.

ಆಮೇಲೆ ಅಟ್ಟಕ್ಕೆ ಹತ್ತಿಸಿದರು. ನನಗೆ ಇಡೀ ದಿನದಲ್ಲಿ ಇಷ್ಟವಾದದ್ದು ಈ ಅಟ್ಟ. ಬಿಳಿ ದ್ರಾಕ್ಷಿಯನ್ನು ಕೊಯ್ದು, ತಿಂಗಳುಗಟ್ಟಲೆ ಒಣಗಿಸಿ, ಹಿಂಡಿ, ಸಣ್ಣ ಮರದ ಪೀಪಾಯಿಗೆ ತುಂಬಿ, ಬಾಯಿ ಬಿಗಿದು, ಇಲ್ಲಿ ಇಟ್ಟುಬಿಡುತ್ತಾರೆ. ಬೇಸಿಗೆಯ ಸೆಕೆ, ಚಳಿಗಾಲದ ಚಳಿ, ಎರಡೂ ಅದಕ್ಕೆ ತಾಗಬೇಕು. ವರ್ಷಗಟ್ಟಲೆ ತೆಗೆದು ನೋಡುವಂತಿಲ್ಲ. ವಿನ್ ಸಾಂತೊ ಅಂತ ಹೆಸರು, ಪವಿತ್ರ ವೈನ್. ಖಾಲಿ ಮಾಡುವಾಗ ತಳದ ಗಸಿಯನ್ನು ತೊಳೆಯುವುದಿಲ್ಲ, ಮುಂದಿನದಕ್ಕೆ ಬಿಡುತ್ತಾರೆ. ಅದಕ್ಕೆ 'ಮಾದ್ರೆ' ಅನ್ನುತ್ತಾರೆ, ತಾಯಿ ಅಂತ. ನಾನು ಗೈಡಿಗೆ ಮೊಸರಿನ ಹೆಪ್ಪಿನ ಬಗ್ಗೆ ಹೇಳಿದೆ, ಅವಳು ಅಜ್ಜಿಗೆ ಹೇಳಿದಳು. ಅಜ್ಜಿ ನನ್ನ ಕೈ ಹಿಡಿದುಕೊಂಡು ಏನೋ ಅಂದರು. ಯಾರೂ ಅನುವಾದ ಮಾಡಲಿಲ್ಲ, ಬೇಕೂ ಆಗಲಿಲ್ಲ.

ಅದರ ಜೊತೆ ಗಟ್ಟಿ ಬಾದಾಮಿ ಬಿಸ್ಕತ್ತು ಕೊಟ್ಟರು. ಅದ್ದಿ ತಿನ್ನಬೇಕು. ಈ ಸಲ ಚೆಲ್ಲುವ ಪ್ರಶ್ನೆಯೇ ಬರಲಿಲ್ಲ.

ಊರಿಗೆ ಬಂದ ಮೇಲೆ ದೊಡ್ಡಪ್ಪನಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು, ನೆಲಕ್ಕೆ ಬಿದ್ದ ಗೊನೆಗಳ ಫೋಟೋವನ್ನು ದೊಡ್ಡದು ಮಾಡಿಸಿ ನೋಡಿದರು.

"ಹುಚ್ಚರಾ ಅವರು? ಕಿಲೋಗೆ ಎಷ್ಟು ಸಿಗುತ್ತಂತಮ್ಮಾ?"

"ಅವರು ಕಿಲೋ ಲೆಕ್ಕದಲ್ಲಿ ಮಾರಲ್ಲ ದೊಡ್ಡಪ್ಪ. ಬಾಟಲಿಗೆ ತುಂಬಿ, ಹೆಸರು ಬರೆದು, ಬಾಗಿಲಲ್ಲೇ ಮಾರ್ತಾರೆ."

"ಮತ್ತೆ ರೇಟು ಹೇಳೋದು ಯಾರು?"

"ಅವರೇ."

ದೊಡ್ಡಪ್ಪ ಫೋನ್ ವಾಪಸ್ ಕೊಡಲಿಲ್ಲ. ಇನ್ನೊಂದು ಸಲ ಮೊದಲಿನಿಂದ ತೋರಿಸು ಅಂದರು.