ಗುಜರಿಗೆ ಹಾಕಿದ ಬಾಂಬರ್ ಬೆಂಗಳೂರಿಗೆ ಬಂದದ್ದು ಹೇಗೆ?

[ದೃಶ್ಯ: ಅಮೆರಿಕದ ಅರಿಜೋನಾ, ಟಕ್ಸನ್ ಊರಿನ ಪೀಮಾ ವಿಮಾನ ಮ್ಯೂಸಿಯಂ. ನಾಲ್ಕು ಎಂಜಿನ್‌ನ ದೊಡ್ಡ ಬಾಂಬರ್.]

ನಮಸ್ಕಾರ. ಹಿಂದಿನ ವಿಡಿಯೋ ಕೆಳಗೆ ಒಬ್ಬರು ಕೇಳಿದ್ದರು: "ಸರ್, ಅಮೆರಿಕದ ಮ್ಯೂಸಿಯಂನಲ್ಲಿರುವ ಈ ಬಾಂಬರ್ ನಮ್ಮ ಎಚ್‌ಎಎಲ್‌ನಲ್ಲಿ ಮಾಡಿದ್ದು ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವಾ, ಪುಂಗಿಯಾ?"

ವಾಟ್ಸಾಪ್ ಅಂದ ಮೇಲೆ ಅನುಮಾನ ಬರಲೇಬೇಕು. ಆದರೆ ಈ ಸಲ ಮುಕ್ಕಾಲು ಪಾಲು ನಿಜ. ಮಾಡಿದ್ದು ಅಮೆರಿಕದವರೇ. ಗುಜರಿಗೆ ಹಾಕಿದ ಮೇಲೆ ಅದನ್ನು ಎತ್ತಿ ತಂದು ಮತ್ತೆ ಹಾರಿಸಿದ್ದು ಬೆಂಗಳೂರಿನವರು. ಅದೂ ಒಂದಲ್ಲ, ಎರಡಲ್ಲ. ಸುಮಾರು 40 ವಿಮಾನಗಳು.

ಮೊದಲು ವಿಮಾನದ ಪರಿಚಯ, ಬೇಗ ಮುಗಿಸಿಬಿಡುತ್ತೇನೆ. ಹೆಸರು ಬಿ-24 ಲಿಬರೇಟರ್. ವಿನ್ಯಾಸ ಮಾಡಿದ್ದು ಕನ್ಸಾಲಿಡೇಟೆಡ್ ಅನ್ನುವ ಕಂಪನಿ. ಮೊದಲು ಹಾರಿದ್ದು 1939ರ ಡಿಸೆಂಬರ್ 29ಕ್ಕೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ 110 ಅಡಿ. ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ 18,000ಕ್ಕೂ ಜಾಸ್ತಿ ತಯಾರಾಗಿದ್ದವು. ಇಷ್ಟು ಸಂಖ್ಯೆಯಲ್ಲಿ ಬೇರೆ ಯಾವ ಹೆವಿ ಬಾಂಬರೂ ಇವತ್ತಿನ ತನಕ ತಯಾರಾಗಿಲ್ಲ.

ಅರ್ಧಕ್ಕೆ ಹತ್ತಿರ ಮಾಡಿದ್ದು ಕಾರು ಮಾಡುವ ಫೋರ್ಡ್. ಮಿಶಿಗನ್‌ನ ವಿಲೋ ರನ್ ಅನ್ನುವ ಜಾಗದಲ್ಲಿ ಇದಕ್ಕೆಂದೇ ಕಾರ್ಖಾನೆ ಕಟ್ಟಿದರು. 1944ರಲ್ಲಿ ಅಲ್ಲಿಂದ ಗಂಟೆಗೊಂದು ಬಾಂಬರ್ ಹೊರಗೆ ಬರುತ್ತಿತ್ತು. ಆ ಕಾರ್ಖಾನೆಯ ಜೋಡಣೆ ಸಾಲು ನೇರವಾಗಿ ಹೋಗುತ್ತಿರಲಿಲ್ಲ. ಕೊನೆಯ ಹತ್ತಿರ ಅಷ್ಟು ದೊಡ್ಡ ವಿಮಾನವನ್ನು ತಿರುಗುವ ವೇದಿಕೆ ಮೇಲೆ ನಿಲ್ಲಿಸಿ, ಕಾಲು ಸುತ್ತು ತಿರುಗಿಸಿ ಮುಂದೆ ಕಳಿಸಬೇಕಿತ್ತು. ಯಾಕೆ ಅಂದರೆ ನೇರ ಹೋದರೆ ಪಕ್ಕದ ಕೌಂಟಿಯ ಗಡಿ, ಅಲ್ಲಿ ತೆರಿಗೆ ಜಾಸ್ತಿ ಅನ್ನುವುದು ಅಲ್ಲಿನವರು ಹೇಳುವ ಕಥೆ. ಮಹಾಯುದ್ಧವೇ ನಡೆಯಲಿ, ಟ್ಯಾಕ್ಸ್ ಲೆಕ್ಕ ಟ್ಯಾಕ್ಸ್ ಲೆಕ್ಕವೇ.

[ದೃಶ್ಯ: ವಿಮಾನದ ಒಳಭಾಗ. ಬಾಂಬ್ ಇಡುವ ಜಾಗ.]

ಒಳಗೆ ಹೇಗಿತ್ತು ಗೊತ್ತಾ? ಮುಂದೆ ಇರುವವರು ಹಿಂದಕ್ಕೆ ಹೋಗಬೇಕಾದರೆ ಬಾಂಬ್‌ಗಳ ನಡುವೆಯೇ ದಾರಿ. ದಾರಿ ಅಂದರೆ ಒಂದು ಗೇಣು ಅಗಲದ ಅಲ್ಯೂಮಿನಿಯಂ ಪಟ್ಟಿ. ಕೆಳಗಿನ ಬಾಗಿಲಿನ ತಗಡು ಎಷ್ಟು ತೆಳು ಅಂದರೆ ಮನುಷ್ಯ ಜಾರಿ ಬಿದ್ದರೆ ತಡೆಯುವುದಿಲ್ಲ. ಬೆನ್ನಿಗೆ ಪ್ಯಾರಾಶೂಟ್ ಕಟ್ಟಿಕೊಂಡು ಹೊರಟರೆ ಎರಡೂ ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಹೊರಗಿನ ಚಳಿ ನೇರ ಒಳಗೇ. ಈ ಸ್ಥಿತಿಯಲ್ಲಿ ಹತ್ತು ಜನ ಗಂಟೆಗಟ್ಟಲೆ ಹಾರಬೇಕು. 1943ರ ಆಗಸ್ಟ್ 1ರಂದು ರುಮೇನಿಯಾದ ಪ್ಲೊಯೆಶ್ಟಿ ತೈಲ ಘಟಕಗಳ ಮೇಲೆ ದಾಳಿಗೆ 177 ಲಿಬರೇಟರ್‌ಗಳು ಹೊರಟವು. 50ಕ್ಕೂ ಹೆಚ್ಚು ನಷ್ಟವಾದವು. ಒಂದೇ ದಿನದಲ್ಲಿ.

ಇದು ಯುರೋಪಿನ ಕಥೆ, ಇದರ ಬಗ್ಗೆ ಬೇಕಾದಷ್ಟು ವಿಡಿಯೋ ಇವೆ. ನಮ್ಮ ಕಡೆಗೆ ಬರೋಣ.

ಬ್ರಿಟಿಷರ ರಾಯಲ್ ಏರ್ ಫೋರ್ಸ್ ಲಿಬರೇಟರ್‌ಗಳನ್ನು ಭಾರತದಿಂದಲೇ ಹಾರಿಸುತ್ತಿತ್ತು. ಬಂಗಾಳದ ದಿಗ್ರಿ, ಸಾಲ್ಬನಿ ತರಹದ ಊರುಗಳಲ್ಲಿ ರನ್‌ವೇ ಇದ್ದವು. ಅಲ್ಲಿಂದ ಎದ್ದು ಬರ್ಮಾದ ರೈಲು ಸೇತುವೆಗಳ ಮೇಲೆ ಬಾಂಬ್ ಹಾಕಿ ಬರುತ್ತಿದ್ದರು. 1944ರ ಅಕ್ಟೋಬರ್‌ನಲ್ಲಿ ಮಲಯಾದ ಪೆನಾಂಗ್ ಬಂದರಿನ ತನಕ ಹೋಗಿ, ಹಡಗು ಸಿಡಿಸುವ ಮೈನ್‌ಗಳನ್ನು ನೀರಿಗೆ ಹಾಕಿ ವಾಪಸ್ ಬಂದರು. ಹೋಗಿ ಬರುವುದಕ್ಕೆ ಸುಮಾರು 3,000 ಮೈಲಿ.

ಕೋಲಾರದವರು ಯಾರಾದರೂ ನೋಡುತ್ತಿದ್ದರೆ ಕೇಳಿಸಿಕೊಳ್ಳಿ. ಈ ವಿಮಾನ ಹಾರಿಸುವ ತರಬೇತಿ ನಡೆಯುತ್ತಿದ್ದ ಜಾಗಗಳಲ್ಲಿ ನಿಮ್ಮ ಊರೂ ಒಂದು. ರಾಯಲ್ ಏರ್ ಫೋರ್ಸ್‌ನ 358ನೇ ಸ್ಕ್ವಾಡ್ರನ್, ಅಂದರೆ ವಿಮಾನಗಳ ತುಕಡಿ, 1944ರ ನವೆಂಬರ್‌ನಲ್ಲಿ ಹುಟ್ಟಿದ್ದೇ ಕೋಲಾರದಲ್ಲಿ, ಲಿಬರೇಟರ್‌ಗಳ ಜೊತೆ. ಕೋಲಾರ ಅಂದರೆ ಬರೀ ಚಿನ್ನದ ಗಣಿ ಅಂದುಕೊಳ್ಳುವವರಿಗೆ ಇದನ್ನು ಹೇಳಿ.

ಯುದ್ಧ ಮುಗಿಯಿತು. ಈಗ ಸಮಸ್ಯೆ ಶುರು.

ಈ ವಿಮಾನಗಳು ಬ್ರಿಟಿಷರ ಸ್ವಂತದ್ದಲ್ಲ. ಅಮೆರಿಕ ಲೆಂಡ್-ಲೀಸ್ ಅನ್ನುವ ಏರ್ಪಾಡಿನಲ್ಲಿ ಕೊಟ್ಟದ್ದು. ಯುದ್ಧ ಮುಗಿದ ಮೇಲೆ ಮೂರೇ ದಾರಿ: ಡಾಲರ್ ಕೊಟ್ಟು ಕೊಂಡುಕೋ, ವಾಪಸ್ ಕೊಡು, ಇಲ್ಲ ನಾಶ ಮಾಡು. ಬ್ರಿಟನ್ ಕೈಯಲ್ಲಿ ಡಾಲರ್ ಇಲ್ಲ. ಅಮೆರಿಕಕ್ಕೆ ವಾಪಸ್ ಬೇಕಿಲ್ಲ, ಅವರೇ ತಮ್ಮ ಸಾವಿರಾರು ಬಾಂಬರ್‌ಗಳನ್ನು ಅರಿಜೋನಾದ ಕಿಂಗ್‌ಮನ್ ಮರುಭೂಮಿಯಲ್ಲಿ ಸಾಲಾಗಿ ನಿಲ್ಲಿಸಿ ಕರಗಿಸುತ್ತಿದ್ದರು. ಉಳಿದದ್ದು ಮೂರನೇ ದಾರಿ. ಕಾನ್ಪುರದ ಚಕೇರಿ ವಿಮಾನ ನೆಲೆಗೆ ಲಿಬರೇಟರ್‌ಗಳನ್ನೆಲ್ಲ ತಂದು, ಮತ್ತೆ ಹಾರದ ಹಾಗೆ ಕೆಡಿಸಿ ಬಿಟ್ಟರು. ಕೆಡಿಸಿದ್ದು ಹೇಗೆ ಅನ್ನುವುದನ್ನು ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಾರೆ. ಎಂಜಿನ್‌ಗೆ ಮರಳು ಸುರಿದರು ಅನ್ನುತ್ತಾರೆ. ವಾಹನದಿಂದ ಗುದ್ದಿಸಿದರು ಅನ್ನುತ್ತಾರೆ. ಒಟ್ಟಿನಲ್ಲಿ ಹೊರಟು ಹೋಗುವವನು ಮನೆ ಸಾಮಾನು ಒಡೆದು ಹೋದ ಅನ್ನಿ.

ಆಮೇಲೆ ಸ್ವಾತಂತ್ರ್ಯ. 1947ರ ಅಕ್ಟೋಬರ್‌ನಲ್ಲಿ ಕಾಶ್ಮೀರದ ಯುದ್ಧ. ನಮ್ಮ ವಾಯುಪಡೆ ಹತ್ತಿರ ಒಂದೇ ಒಂದು ಹೆವಿ ಬಾಂಬರ್ ಇಲ್ಲ. ಸರಕು ಸಾಗಿಸುವ ಡಕೋಟಾ ವಿಮಾನದಲ್ಲಿ ಬಾಂಬ್ ತುಂಬಿಕೊಂಡು ಹೋಗಿ, ಬಾಗಿಲಿನಿಂದ ಕೈಯಲ್ಲೇ ತಳ್ಳುತ್ತಿದ್ದರು. ಉತ್ಪ್ರೇಕ್ಷೆ ಅಲ್ಲ, ನಿಜವಾಗಿ ಹಾಗೇ ಮಾಡಿದರು. ಹೊಸದು ಕೊಳ್ಳೋಣ ಅಂದರೆ ದುಡ್ಡಿಲ್ಲ. ಆಗ ಯಾರಿಗೋ ಚಕೇರಿಯ ಆ ರಾಶಿ ನೆನಪಾಯಿತು. ಎಚ್‌ಎಎಲ್‌ಗೆ ಕೇಳಿದರು: ಇದರಲ್ಲಿ ಏನಾದರೂ ಆಗುತ್ತಾ ನೋಡಿ.

[ದೃಶ್ಯ: ಹಳೇ ಎಚ್‌ಎಎಲ್ ಕಾರ್ಖಾನೆಯ ಕಪ್ಪು-ಬಿಳುಪು ಫೋಟೋ.]

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನನಗೆ ಇಡೀ ಕಥೆಯಲ್ಲಿ ಇಷ್ಟವಾದ ಭಾಗ ಇದೇ.

ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಓಡಾಡಿದ್ದೀರಾ? ಆಕ್ಸಿಡೆಂಟ್ ಆದ ಮೂರು ಬೈಕ್ ತಂದು ಹಾಕುತ್ತಾರೆ. ಒಂದರ ಫೋರ್ಕ್ ಸೊಟ್ಟ, ಇನ್ನೊಂದರ ಎಂಜಿನ್ ಸೀಜ್, ಮತ್ತೊಂದರ ಟ್ಯಾಂಕ್ ತೂತು. ಅಲ್ಲಿನ ಹುಡುಗ ಕೂತು ನೋಡುತ್ತಾನೆ. ಕೈಪಿಡಿ ಇಲ್ಲ, ಕಂಪನಿ ಸ್ಪೇರ್ ಇಲ್ಲ. ಇದರ ಚಕ್ರ ಅದಕ್ಕೆ, ಅದರ ಎಂಜಿನ್ ಇದಕ್ಕೆ. ಸಂಜೆಗೆ ಒಂದು ಬೈಕ್ ಸ್ಟಾರ್ಟ್ ಆಗುತ್ತದೆ. ಈಗ ಅದೇ ಕೆಲಸವನ್ನು 110 ಅಡಿ ರೆಕ್ಕೆಯ ವಿಮಾನದ ಮೇಲೆ ಮಾಡುವುದನ್ನು ಊಹಿಸಿಕೊಳ್ಳಿ. ವ್ಯತ್ಯಾಸ ಒಂದೇ. ಬೈಕ್ ನಡುದಾರಿಯಲ್ಲಿ ಕೈಕೊಟ್ಟರೆ ತಳ್ಳಿಕೊಂಡು ಬರಬಹುದು.

ಎಚ್‌ಎಎಲ್ ತಂಡ ಕಾನ್ಪುರಕ್ಕೆ ಹೋಯಿತು. ಇದ್ದುದರಲ್ಲಿ ವಾಸಿಯಾದ ವಿಮಾನ ಆರಿಸಿಕೊಂಡು, ಬೇರೆಯವುಗಳಿಂದ ಬಿಡಿಭಾಗ ಬಿಚ್ಚಿ ಹಾಕಿ, ಬೆಂಗಳೂರಿನ ತನಕ ಹಾರುವ ಮಟ್ಟಕ್ಕೆ ತಂದರು. ಪೂರ್ತಿ ರಿಪೇರಿ ಅಲ್ಲ, ಅಲ್ಲಿಂದ ಇಲ್ಲಿಗೆ ಬಂದರೆ ಸಾಕು. ನಿಜವಾದ ರಿಪೇರಿ ಇಲ್ಲಿನ ಶೆಡ್‌ನಲ್ಲಿ. ದೂರ ಸುಮಾರು 1,500 ಕಿಲೋಮೀಟರ್. ಅಂಥ ಗಾಡಿಯಲ್ಲಿ ಕೂತು ಅಷ್ಟು ದೂರ ಬರುವವರು ಯಾರು?

ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಮ್ಶೆಡ್ ಕೈಕೋಬಾದ್ ಮುನ್ಶಿ ಬಂದರು. ಒಂದಾದ ಮೇಲೆ ಒಂದು ತಂದು ಇಳಿಸಿದರು. ಒಂದು ಇಳಿಸುವುದು, ಮತ್ತೆ ಕಾನ್ಪುರಕ್ಕೆ ಹೋಗುವುದು, ಇನ್ನೊಂದು ಹತ್ತುವುದು. ಪ್ರತಿ ಸಲವೂ ಹೊಸ ವಿಮಾನ, ಅದರ ಹೊಸ ಕಾಯಿಲೆ. ಇವರ ಹೆಸರಿನಲ್ಲಿ ಬೆಂಗಳೂರಲ್ಲಿ ಒಂದು ದೊಡ್ಡ ರಸ್ತೆ ಇರಬೇಕಿತ್ತು ಅಂತ ನನ್ನ ಅಭಿಪ್ರಾಯ. ಬೇಡ, ಎಚ್‌ಎಎಲ್ ಹತ್ತಿರದ ಒಂದು ಸಿಗ್ನಲ್‌ಗಾದರೂ ಹೆಸರಿಡಿ.

ಇಲ್ಲಿ ಒಂದು ಪ್ರಶ್ನೆ ಬರಬೇಕು. ಎಚ್‌ಎಎಲ್ ಅಂದರೆ ಆಗ ಎಂಟು ವರ್ಷದ ಕೂಸು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಬೆಂಬಲದಿಂದ ಶುರು ಮಾಡಿದ್ದು 1940ರ ಡಿಸೆಂಬರ್‌ನಲ್ಲಿ. ಇಷ್ಟು ಬೇಗ ಈ ಕೈಚಳಕ ಎಲ್ಲಿಂದ ಬಂತು?

ಯುದ್ಧದ ಕಾಲದಲ್ಲಿ ಈ ಕಾರ್ಖಾನೆಯನ್ನು ಅಮೆರಿಕದ ವಾಯುಪಡೆ ತನ್ನ ರಿಪೇರಿ ಡಿಪೋ ಮಾಡಿಕೊಂಡಿತ್ತು. ಕ್ಯಾಟಲೀನಾ ಅನ್ನುವ ನೀರಿನ ಮೇಲೆ ಇಳಿಯುವ ವಿಮಾನಗಳು ರಿಪೇರಿಗೆ ಬರುತ್ತಿದ್ದವು. ಅವು ಇಳಿಯುತ್ತಿದ್ದದ್ದು ಎಲ್ಲಿ ಹೇಳಿ? ಬೆಳ್ಳಂದೂರು ಕೆರೆಯಲ್ಲಿ. ಹೌದು, ಅದೇ ನೊರೆ ಕೆರೆ. ಇವತ್ತು ಇಳಿದರೆ ವಿಮಾನ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಡಕೋಟಾಗಳೂ ಬರುತ್ತಿದ್ದವು. ಈಗ ನೋಡಿ: ಕ್ಯಾಟಲೀನಾ, ಡಕೋಟಾ, ಲಿಬರೇಟರ್, ಮೂರಕ್ಕೂ ಎಂಜಿನ್ ಒಂದೇ ಮನೆತನದ್ದು. ಪ್ರ್ಯಾಟ್ ಅಂಡ್ ವಿಟ್ನಿಯ ಟ್ವಿನ್ ವಾಸ್ಪ್, 14 ಸಿಲಿಂಡರ್, ಎರಡು ಸುತ್ತಿನಲ್ಲಿ ಏಳೇಳು. ಲಿಬರೇಟರ್‌ನದ್ದಕ್ಕೆ ಎತ್ತರದಲ್ಲಿ ಗಾಳಿ ಒತ್ತಿ ಕೊಡುವ ಟರ್ಬೊ ಜಾಸ್ತಿ ಇರುತ್ತದೆ, ಅಷ್ಟೇ. ಆ ಎಂಜಿನ್‌ಗಳನ್ನು ವರ್ಷಗಟ್ಟಲೆ ಬಿಚ್ಚಿ ಕಟ್ಟಿದ ಫಿಟ್ಟರ್‌ಗಳು ಬೆಂಗಳೂರಲ್ಲಿ ಇದ್ದರು. ಚಕೇರಿಯ ರಾಶಿ ಬೇರೆಯವರ ಕಣ್ಣಿಗೆ ಗುಜರಿ, ಇವರ ಕಣ್ಣಿಗೆ ಪರಿಚಯದ ಮುಖ. ಇದರಲ್ಲಿ ಪವಾಡ ಏನೂ ಇಲ್ಲ, ಕೈಗೆ ಹತ್ತಿದ ಕೆಲಸ ಇದೆ ಅಂತ ನಾನು ಹೇಳುವುದು. ವಿದೇಶಿ ಎಂಜಿನಿಯರ್‌ಗಳು ಬೆರಗಾಗಿ ಬಾಯಿ ಮೇಲೆ ಬೆರಳಿಟ್ಟರು ಅನ್ನುವ ಕಥೆಗಳೂ ಓಡಾಡುತ್ತಿವೆ. ರುಚಿ ಜಾಸ್ತಿ, ದಾಖಲೆ ಕಮ್ಮಿ. ಬಿಟ್ಟುಬಿಡೋಣ.

1948ರ ನವೆಂಬರ್ 2ಕ್ಕೆ ಈ ವಿಮಾನಗಳೊಂದಿಗೆ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾಯಿತು. ಎಲ್ಲಿ? ಕಾನ್ಪುರದಲ್ಲೇ. ಒಡೆದು ಹಾಕಿದ ಅದೇ ಊರಿಗೆ ರಿಪೇರಿಯಾಗಿ ವಾಪಸ್. 1951ರಲ್ಲಿ ಪುಣೆಯಲ್ಲಿ 6ನೇ ಸ್ಕ್ವಾಡ್ರನ್, ಸಮುದ್ರದ ಮೇಲೆ ಕಣ್ಣಿಡುವ ಕೆಲಸಕ್ಕೆ. 1957ರಲ್ಲಿ 5ನೇ ಸ್ಕ್ವಾಡ್ರನ್‌ಗೆ ಜೆಟ್ ಬಾಂಬರ್ ಕ್ಯಾನ್‌ಬೆರಾ ಬಂತು. ಆದರೂ ಪುಣೆಯ ಲಿಬರೇಟರ್‌ಗಳು ಹಾರುತ್ತಲೇ ಇದ್ದವು. ಕೊನೆಗೆ ನಿವೃತ್ತಿ 1968ರಲ್ಲಿ. ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಒಂದು ವರ್ಷ ಮುಂಚಿನ ತನಕ, ಯುದ್ಧಕಾಲದ ಗುಜರಿ ನಮ್ಮಲ್ಲಿ ಡ್ಯೂಟಿ ಮಾಡುತ್ತಿತ್ತು.

ಟೈಮ್ ಓಡುತ್ತಿದೆ, ನಮ್ಮ ಎಡಿಟರ್ ಆಗಲೇ ಮುಖ ಗಂಟಿಕ್ಕಿದ್ದಾರೆ. ಆಮೇಲಿನದನ್ನು ಒಟ್ಟಿಗೆ ಹೇಳಿಬಿಡುತ್ತೇನೆ.

[ದೃಶ್ಯ: ಪ್ರಪಂಚದ ನಕ್ಷೆ, ಒಂದೊಂದೇ ಚುಕ್ಕೆ.]

1968 ಅನ್ನುವಷ್ಟರಲ್ಲಿ ಬೇರೆ ಕಡೆ ಲಿಬರೇಟರ್‌ಗಳೆಲ್ಲ ಪಾತ್ರೆ ಪಗಡಿ ಆಗಿ ಹೋಗಿದ್ದವು. ಮ್ಯೂಸಿಯಂನವರಿಗೆ ಬೇಕು ಅಂದರೆ ಭಾರತಕ್ಕೇ ಬರಬೇಕು. ಬಂದರು. ಕೆನಡಾ ಒಂದನ್ನು ತೆಗೆದುಕೊಂಡು, ಬದಲಿಗೆ ಲೈಸ್ಯಾಂಡರ್ ಅನ್ನುವ ಹಳೇ ವಿಮಾನ ಕೊಟ್ಟಿತು. ಆ ಲೈಸ್ಯಾಂಡರ್ ಈಗ ದೆಹಲಿಯ ಪಾಲಂ ಮ್ಯೂಸಿಯಂನಲ್ಲಿದೆ, ಲಿಬರೇಟರ್ ಒಟ್ಟಾವಾದಲ್ಲಿದೆ. 1969ರಲ್ಲಿ ಇನ್ನೊಂದು ಹಾರಿಕೊಂಡೇ ಟಕ್ಸನ್ ಸೇರಿತು, ಪೀಮಾದಲ್ಲಿರುವುದು ಅದೇ. 1974ರಲ್ಲಿ ಒಂದು ಬ್ರಿಟನ್‌ಗೆ. ಫ್ಲಾರಿಡಾದ ಒಂದು ಖಾಸಗಿ ಸಂಗ್ರಹಕ್ಕೆ ಒಂದು. ಪಾಲಂನಲ್ಲಿ ನಮ್ಮದೇ ಒಂದು. ಮತ್ತೊಂದನ್ನು 1981ರಲ್ಲಿ ಬ್ರಿಟನ್ನಿನ ಸಂಗ್ರಾಹಕರೊಬ್ಬರು ಕೊಂಡು ಒಯ್ದರು, ಅಲ್ಲಿಂದ ಅದು ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಕೈ ಸೇರಿತು. ಒಟ್ಟು ಆರು. ಪ್ರಪಂಚದಲ್ಲಿ ಇವತ್ತು ಪೂರ್ತಿ ರೂಪದಲ್ಲಿ ಉಳಿದಿರುವ ಲಿಬರೇಟರ್‌ಗಳು ಇಪ್ಪತ್ತನ್ನೂ ದಾಟುವುದಿಲ್ಲ. ಅದರಲ್ಲಿ ಆರು ನಮ್ಮವು.

ನನಗೆ ತಕರಾರು ಇರುವುದು ಬಣ್ಣದ ಬಗ್ಗೆ. ಕಾಲಿಂಗ್ಸ್‌ನವರು ತಮ್ಮ ವಿಮಾನವನ್ನು ಬಿಚ್ಚಿ ಜೋಡಿಸಿ 1989ರಲ್ಲಿ ಮತ್ತೆ ಹಾರಿಸಿದರು. ಮೂತಿಗೆ ಮೊದಲು 'ಆಲ್ ಅಮೆರಿಕನ್' ಅಂತ ಹೆಸರು ಬರೆದರು, ಆಮೇಲೆ 'ದಿ ಡ್ರ್ಯಾಗನ್ ಅಂಡ್ ಹಿಸ್ ಟೇಲ್', 2005ರಿಂದ 'ವಿಚ್‌ಕ್ರಾಫ್ಟ್'. ಎಲ್ಲವೂ ಯುದ್ಧದಲ್ಲಿ ಹೆಸರು ಮಾಡಿದ ಬೇರೆ ಬೇರೆ ಲಿಬರೇಟರ್‌ಗಳ ಹೆಸರು. ನಿಜವಾದ ವಿಚ್‌ಕ್ರಾಫ್ಟ್ ಇಂಗ್ಲೆಂಡಿನಿಂದ 130 ದಾಳಿಗಳಿಗೆ ಹೋಗಿ ಬಂದ ವಿಮಾನ. ಯುದ್ಧ ಮುಗಿದ ಮೇಲೆ ಅದನ್ನು ಅಮೆರಿಕದವರೇ ಗುಜರಿಗೆ ಹಾಕಿದರು. ಅದರ ಹೆಸರು ಹೊತ್ತಿರುವುದು ಬೆಂಗಳೂರಲ್ಲಿ ರಿಪೇರಿಯಾದ ವಿಮಾನ. ಪೀಮಾದ್ದೂ ಅಷ್ಟೇ, 'ಬಂಗೇ ಬಕರೂ' ಅಂತ ಇಂಗ್ಲೆಂಡಿನ ಬಂಗೇ ಊರಿನ ಅಮೆರಿಕನ್ ತಂಡದ ಹೆಸರು ಬರೆದುಕೊಂಡು ನಿಂತಿದೆ.

ತಪ್ಪು ಅನ್ನುತ್ತಿಲ್ಲ. ಆ ಹತ್ತು ಜನರ ಗುಂಪುಗಳಲ್ಲಿ ಬದುಕಿ ಉಳಿದವರು, ಅವರ ಮಕ್ಕಳು ಬಂದು ಆ ಹೆಸರನ್ನು ಕೈಯಲ್ಲಿ ಮುಟ್ಟಿ ನೋಡುತ್ತಾರೆ. ಸತ್ತವರಿಗೆ ಅದು ಸಲ್ಲಬೇಕು. ಆದರೆ ಅದೇ ತಗಡಿನ ಮೇಲೆ ಇಪ್ಪತ್ತು ವರ್ಷ ಭಾರತದ ಚಕ್ರ-ಬಣ್ಣಗಳಿದ್ದವು, ಅಲ್ವಾ? ಬ್ರಿಟನ್ನಿನ ಮ್ಯೂಸಿಯಂ ಮಾತ್ರ ಬೇರೆ ದಾರಿ ಹಿಡಿದಿದೆ. ಅಲ್ಲಿನ ಕೆಎನ್ 751 ನಂಬರಿನ ಲಿಬರೇಟರ್ ನಿಜವಾಗಿಯೂ 1945ರಲ್ಲಿ ಹಿಂದೂ ಮಹಾಸಾಗರದ ಕೊಕೊಸ್ ದ್ವೀಪದಿಂದ 99ನೇ ಸ್ಕ್ವಾಡ್ರನ್ ಜೊತೆ ಹಾರಿದ ವಿಮಾನ, ಅದೇ ಗುರುತಿನಲ್ಲೇ ಇಟ್ಟಿದ್ದಾರೆ. ಬೇರೆಯವರ ಅಂಗಿ ಹಾಕಿಲ್ಲ. ನನಗೆ ಅದು ಹೆಚ್ಚು ಇಷ್ಟ.

ಇನ್ನು ನಮ್ಮ ಕಡೆ? ಮಾರತ್ತಹಳ್ಳಿ ದಾರಿಯಲ್ಲಿರುವ ಎಚ್‌ಎಎಲ್ ಮ್ಯೂಸಿಯಂಗೆ ಹೋದರೆ ಮಾರುತ್ ಯುದ್ಧವಿಮಾನ ಇದೆ, ಕ್ಯಾನ್‌ಬೆರಾ ಇದೆ. ಲಿಬರೇಟರ್ ಇಲ್ಲ. ಸುಮಾರು 40 ವಿಮಾನ ರಿಪೇರಿ ಮಾಡಿದ ಊರಲ್ಲಿ ಒಂದೂ ಇಲ್ಲ. ಬೇರೆಯವರ ಬಣ್ಣದ ಬಗ್ಗೆ ತಕರಾರು ತೆಗೆಯುವ ಮೊದಲು ಇದನ್ನೂ ಹೇಳಬೇಕು.

ಆ ಕಾಲದಲ್ಲಿ ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದವರ ಮನೆಯವರು ಯಾರಾದರೂ ನೋಡುತ್ತಿದ್ದರೆ, ಟ್ರಂಕ್‌ನಲ್ಲಿ ಹಳೇ ಗೇಟ್ ಪಾಸ್, ಶೆಡ್‌ನ ಗ್ರೂಪ್ ಫೋಟೋ ಏನಾದರೂ ಇದ್ದರೆ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಹಿಂದೆ ಹೆಸರು ಬರೆದಿಡಿ. ನಮಗೂ ಒಂದು ಕಾಪಿ ಕಳಿಸಿ, ಇನ್ನೊಂದು ವಿಡಿಯೋ ಮಾಡೋಣ.

ಮುಂದಿನ ವಾರ ಎಚ್‌ಟಿ-2, ಬೆಂಗಳೂರಲ್ಲೇ ವಿನ್ಯಾಸವಾದ ತರಬೇತಿ ವಿಮಾನ. 1951ರಲ್ಲಿ ಅದನ್ನು ಮೊದಲ ಸಲ ಹಾರಿಸಿದ್ದು ಇದೇ ಮುನ್ಶಿ.