ಡ್ರಿಲ್ ಯಾರ ಕೈಯಲ್ಲಿರುತ್ತೆ? ಆರ್ಥೋ ಸೀಟು ಆರಿಸುವ ಮುಂಚೆ ಕೇಳಿ

ನೀಟ್ ಪಿಜಿ ರ‍್ಯಾಂಕ್ ಬಂದ ಮೇಲೆ, ಎಂಎಸ್ ಆರ್ಥೋ, ಅಂದರೆ ಮೂಳೆ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಸೀಟು, ಬೇಕು ಅನ್ನುವ ಹುಡುಗ ಹುಡುಗಿಯರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಅಲ್ಲಿ ಕೇಸ್ ಜಾಸ್ತಿ ಬರುತ್ತಾ ಸರ್?"

ಬರುತ್ತವೆ. ವಿಕ್ಟೋರಿಯಾಗೆ ಹೋಗಿ, ಸಂಜಯ ಗಾಂಧಿ ಆಸ್ಪತ್ರೆಗೆ ಹೋಗಿ, ಹುಬ್ಬಳ್ಳಿ ಕಿಮ್ಸ್‌ಗೆ ಹೋಗಿ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವರಿಗೆ ಎಲ್ಲೂ ಬರವಿಲ್ಲ. ಆ ಕಾಲಿಗೆ ನೇಲ್ (ಮೂಳೆ ಹಿಡಿಸುವ ಲೋಹದ ಸರಳು) ಹಾಕುವಾಗ ಡ್ರಿಲ್ ಯಾರ ಕೈಯಲ್ಲಿರುತ್ತದೆ? ನನ್ನ ಪ್ರಕಾರ ಸೀಟಿನ ಬೆಲೆ ಗೊತ್ತಾಗುವುದು ಇಲ್ಲಿ.

ಮೂರು ವರ್ಷ ಗಾಯ ಅಗಲಿಸುವ ರಿಟ್ರಾಕ್ಟರ್ ಹಿಡಿದು ನಿಂತರೆ ಕೇಸ್ ಬರೆದಿಡುವ ಲಾಗ್‌ಬುಕ್ ತುಂಬುತ್ತದೆ, ಕೈ ಪಳಗುವುದಿಲ್ಲ. ಇನ್ನೊಂದು ಕಡೆ, ರಾತ್ರಿಯೆಲ್ಲ ಪಿಜಿಗಳೇ (ಸ್ನಾತಕೋತ್ತರ ವಿದ್ಯಾರ್ಥಿಗಳೇ) ಒಟಿ, ಅಂದರೆ ಆಪರೇಷನ್ ಥಿಯೇಟರ್, ನಡೆಸುತ್ತಾರೆ ಅಂತ ಹೆಮ್ಮೆಯಿಂದ ಹೇಳುವ ಕಾಲೇಜುಗಳಿವೆ. ಅದು ನನಗೆ ಭಯ ಹುಟ್ಟಿಸುತ್ತದೆ. ಮೇಜಿನ ಮೇಲೆ ಮಲಗಿರುವುದು ಯಾರದೋ ಮನೆಯ ದುಡಿಯುವ ಕಾಲು. ತಪ್ಪು ಮಾಡಿ ಕಲಿಯುವುದಕ್ಕೆ ಅದು ಜಾಗವಲ್ಲ. ಎರಡನೇ ವರ್ಷದ ಪಿಜಿ ಸೊಂಟದ ಮುರಿತಕ್ಕೆ ಡಿಎಚ್‌ಎಸ್ ಎಂಬ ಸ್ಕ್ರೂ-ಪ್ಲೇಟ್ ಹಾಕಬೇಕು, ಎದುರುಗಡೆ ಕನ್ಸಲ್ಟೆಂಟ್ ಗ್ಲೋವ್ಸ್ ಹಾಕಿಕೊಂಡು ನಿಂತಿರಬೇಕು. ನಾನು ಒಳ್ಳೆಯ ಡಿಪಾರ್ಟ್‌ಮೆಂಟ್ ಅನ್ನುವುದು ಇದಕ್ಕೆ.

ಇದನ್ನು ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಹತ್ತಿರ ಕೇಳಿ ಪ್ರಯೋಜನವಿಲ್ಲ. ಎರಡನೇ ವರ್ಷದವರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ಒಬ್ಬೊಬ್ಬರನ್ನೇ ಕೇಳಿ. ರಾತ್ರಿ ಎರಡು ಗಂಟೆಗೆ ಓಪನ್ ಫ್ರಾಕ್ಚರ್ (ಚರ್ಮ ಹರಿದ ಮುರಿತ) ಬಂದರೆ ಮನೆಯಿಂದ ಯಾವ ಕನ್ಸಲ್ಟೆಂಟ್ ಬರುತ್ತಾರೆ? ಬರುತ್ತಾರಾ, ಫೋನಿನಲ್ಲೇ ಮುಗಿಸುತ್ತಾರಾ? ಎಕ್ಸ್-ರೇ ತಡೆಯುವ ಲೆಡ್ ಏಪ್ರನ್, ಥೈರಾಯ್ಡ್ ಶೀಲ್ಡ್ ಎಲ್ಲರಿಗೂ ಸಾಕಾಗುವಷ್ಟಿವೆಯಾ? ಮೈಗೆ ತಗುಲಿದ ವಿಕಿರಣ ಅಳೆಯುವ, ನಿಮ್ಮ ಹೆಸರಿನ ಟಿಎಲ್‌ಡಿ ಬ್ಯಾಡ್ಜ್ ಕೊಡುತ್ತಾರಾ? ಸಿ-ಆರ್ಮ್ (ಒಟಿಯ ಎಕ್ಸ್-ರೇ ಯಂತ್ರ) ಪಕ್ಕ ಮೂರು ವರ್ಷ ನಿಲ್ಲುವವರು ನೀವು. ಇದನ್ನು ಕೇಳಲು ಸಂಕೋಚ ಬೇಡ.

ಖಾಸಗಿ ಕಾಲೇಜಿನಲ್ಲಿ ಮಂಡಿ ಬದಲಾವಣೆ, ಆರ್ಥ್ರೋಸ್ಕೋಪಿ (ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ಕೀಲು ನೋಡುವುದು) ಚೆನ್ನಾಗಿ ನೋಡಲು ಸಿಗಬಹುದು. ಅವನ್ನು ಆಮೇಲೆ ಫೆಲೋಶಿಪ್‌ನಲ್ಲೂ ಕಲಿಯಬಹುದು. ಟ್ರಾಮಾ (ಅಪಘಾತದ ಗಾಯ), ಪ್ಲಾಸ್ಟರ್ ರೂಮು, ಮಕ್ಕಳ ಮೊಣಕೈ ಮುರಿತ ಕೂರಿಸುವುದು, ಇವು ಈಗಲೇ ಕೈಗೆ ಹತ್ತಬೇಕು. ಡಿಎನ್‌ಬಿ (ಆಸ್ಪತ್ರೆಗಳಲ್ಲಿ ಮಾಡುವ, ಎಂಎಸ್‌ಗೆ ಸಮನಾದ ಪದವಿ) ಅಂದ ಕೂಡಲೇ ಮೂಗು ಮುರಿಯಬೇಡಿ. ಅಲ್ಲೂ ಇದೇ ಪ್ರಶ್ನೆ ಕೇಳಿ.

ಹುಡುಗಿಯರಿಗೆ ಒಂದು ಮಾತು. "ಆರ್ಥೋಗೆ ತೋಳಲ್ಲಿ ಬಲ ಬೇಕಮ್ಮಾ" ಅಂತ ಯಾರಾದರೂ ಹೇಳಿದರೆ ಆ ಕಾಲೇಜನ್ನು ಪಟ್ಟಿಯಲ್ಲಿ ಕೆಳಗಿಳಿಸಿ. ಜಾರಿದ ಜಾಯಿಂಟ್ ಕೂರುವುದು ಸರಿಯಾದ ಹಿಡಿತದಿಂದ, ಸರಿಯಾದ ಅರಿವಳಿಕೆಯಿಂದ. ಹುಡುಗಿಯರಿಗೆ ಬೇರೆ ಡ್ಯೂಟಿ ರೂಮ್ ಇದೆಯಾ ಅಂತಲೂ ಕಣ್ಣಾರೆ ನೋಡಿ ಬನ್ನಿ.

ರಜೆಯ ವಿಷಯ. 2023ರ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಪಿಜಿ ನಿಯಮದಲ್ಲಿ ವಾರಕ್ಕೊಂದು ರಜೆ, ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ ಇದೆ. ತುರ್ತು ಕೆಲಸವಿದ್ದರೆ ವಾರದ ರಜೆ ತಪ್ಪಬಹುದು, ನಿಜ. ಪ್ರತಿ ವಾರವೂ ತುರ್ತು ಅಂದರೆ ಅಲ್ಲಿ ಜನ ಸಾಲುತ್ತಿಲ್ಲ ಅಂತ ಅರ್ಥ. ಹೋದ ತಿಂಗಳು ಎಷ್ಟು ಭಾನುವಾರ ಮಲಗಿದಿರಿ ಅಂತ ಸೀನಿಯರ್‌ಗಳನ್ನು ಕೇಳಿ, ಆಮೇಲೆ ಕೌನ್ಸೆಲಿಂಗ್‌ನಲ್ಲಿ ಕಾಲೇಜುಗಳ ಆಪ್ಷನ್ ತುಂಬಿ.