ಬಿಸಿ ಇದ್ದಾಗಲೇ ನೋಡಿ

ಕೇಳುಗರಿಗೆ ನಮಸ್ಕಾರ.

ಕುಮಟಾದಿಂದ ಶಿರಸಿಗೆ ಹೊರಟ ಗಾಡಿಗಳು ದೇವಿಮನೆ ಘಟ್ಟ ಹತ್ತಿ ದೇವಸ್ಥಾನದ ಹತ್ತಿರ ಒಂದು ಗಳಿಗೆ ನಿಲ್ಲುತ್ತವೆ. ಮಾರಿಕಾಂಬಾ ಜಾತ್ರೆ ಇರುವ ವರ್ಷವಂತೂ ಸಾಲು ಸಾಲು. ದೇವಿಗೆ ಕೈಮುಗಿದು, ಮಕ್ಕಳಿಗೆ ನೀರು ಕುಡಿಸಿ, ಹತ್ತು ನಿಮಿಷ ಬಿಟ್ಟು ಚಾವಿ ತಿರುಗಿಸಿದರೆ ಎಂಜಿನ್ ಏಳುವುದಿಲ್ಲ. ಘಟ್ಟ ಹತ್ತುವಾಗ ಒಂದು ಚೂರೂ ತಕರಾರು ಮಾಡದ ಗಾಡಿ! ಅರ್ಧ ತಾಸು ಕಾದರೆ ಏನೂ ಆಗೇ ಇಲ್ಲವೆಂಬಂತೆ ಚಾಲೂ. ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ತಂದರೆ ಚಾವಿ ತಿರುಗಿಸಿದ ಮೊದಲ ಸಲಕ್ಕೇ ಸ್ಟಾರ್ಟ್. ಕಾರವಾರದಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ನನಗೆ ಬೇಸಿಗೆಯಲ್ಲಿ ಹೆಚ್ಚು ಬರುವ ದೂರು ಇದೇ.

ನಿಂತ ಮೇಲೇಕೆ ಈ ತೊಂದರೆ? ಓಡುವಾಗ ಎಂಜಿನ್ನಿನೊಳಗೆ ನೀರು ತಿರುಗುತ್ತಿರುತ್ತದೆ, ಎದುರಿನಿಂದ ಗಾಳಿ ಬಡಿಯುತ್ತದೆ. ಬಂದ್ ಮಾಡಿದಿರೋ, ಎರಡೂ ನಿಂತವು. 90 ಡಿಗ್ರಿ ಆಸುಪಾಸಿನಲ್ಲಿರುವ ಎಂಜಿನ್ನಿನ ಕಾವು ಬಾನೆಟ್ಟಿನ ಒಳಗೇ ಹರಡಿ ಪೈಪು, ವೈರು, ಸೆನ್ಸರು ಎಲ್ಲವನ್ನೂ ಕಾಯಿಸುತ್ತದೆ. ಹೊರಗೆ ನಮ್ಮ ಕರಾವಳಿಯ ಸೆಖೆ ಬೇರೆ. ಅದಕ್ಕೇ ನಿಲ್ಲಿಸಿದ ಮೇಲಿನ ಹತ್ತಿಪ್ಪತ್ತು ನಿಮಿಷ ಈ ಭಾಗಗಳಿಗೆ ಓಟಕ್ಕಿಂತ ಕಷ್ಟದ ಹೊತ್ತು.

ಈ ರೋಗ ಬಿಸಿ ಇದ್ದಾಗ ಮಾತ್ರ ಕೈಗೆ ಸಿಗುತ್ತದೆ. ಆರಿದ ಮೇಲೆ ಎಂಥ ಮೆಕ್ಯಾನಿಕ್ ಬಂದರೂ ಊಹೆಯೇ ಗತಿ. ಹಾಗಾಗಿ ಕಾಯುವ ಆ ಅರ್ಧ ತಾಸಿನಲ್ಲಿ ನೀವೇ ಕೆಲವನ್ನು ಗಮನಿಸಬೇಕು.

ಮೊದಲು ಕಿವಿ. ಚಾವಿ ತಿರುಗಿಸಿದಾಗ ಸೆಲ್ಫ್, ಅಂದರೆ ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟಾರು, ಎಂದಿನ ಜೋರಿನಲ್ಲೇ ತಿರುಗುತ್ತದೋ, ಅಥವಾ ಬರೀ ಟಕ್ ಎಂದು ಸುಮ್ಮನಾಗುತ್ತದೋ? ಎರಡೂ ಬೇರೆ ಬೇರೆ ದಾರಿ. ಟಕ್ ಎಂದರೆ ಎಲ್ಲರೂ ಬ್ಯಾಟರಿ ಬದಲಿಸಲು ಓಡುತ್ತಾರೆ. ನಮ್ಮ ಕಡೆ ಮೊದಲು ನೋಡಬೇಕಾದದ್ದು ಅರ್ಥ್ ವೈರು, ಅಂದರೆ ಬ್ಯಾಟರಿಯ ಮೈನಸ್ಸಿನಿಂದ ಗಾಡಿಯ ಮೈಗೆ, ಎಂಜಿನ್ನಿಗೆ ಹೋಗುವ ವೈರು. ಸಮುದ್ರದ ಉಪ್ಪುಗಾಳಿಗೆ ಅದರ ತುದಿ ಒಳಗೊಳಗೇ ತುಕ್ಕು ತಿಂದಿರುತ್ತದೆ, ಬ್ಯಾಟರಿ ಟರ್ಮಿನಲ್ಲಿನಲ್ಲಿ ಬಿಳಿ-ಹಸಿರು ಪುಡಿ ಕಟ್ಟಿರುತ್ತದೆ. ತಾಮ್ರ 60 ಡಿಗ್ರಿ ಹೆಚ್ಚು ಕಾದರೆ ಕರೆಂಟಿಗೆ ಅದು ಒಡ್ಡುವ ತಡೆ ಸುಮಾರು ಕಾಲುಭಾಗ ಏರುತ್ತದೆ. ಮೊದಲೇ ಸೋತ ವೈರು, ಮೇಲೆ ಕಾದ ಸೆಲ್ಫ್ ಮೋಟಾರು, ತಿರುಗುವುದು ಹೇಗೆ? ವೋಲ್ಟ್ ಅಳೆಯುವ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ ಮೈಗೆ ಇಟ್ಟು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟ್ ದಾಟಿದರೆ ತಪ್ಪು ಆ ವೈರಿನದು. ವೈರು ಸರಿಯಿದ್ದರೆ ಆಮೇಲೆ ಬ್ಯಾಟರಿ ನೋಡಿ, ಪೂರ್ತಿ ತುಂಬಿದ್ದರೆ ಎಂಜಿನ್ ಬಂದ್ ಇದ್ದಾಗ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ.

ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ? ಇಲ್ಲೊಂದು ಸಂಗತಿ ಹೇಳಲೇಬೇಕು. ಅಂಕೋಲಾ ಕಡೆಯ ಮೀನು ವ್ಯಾಪಾರಿಯೊಬ್ಬರ ವ್ಯಾನು ಹೀಗೇ ದಾರಿಯಲ್ಲಿ ನಿಲ್ಲುತ್ತಿತ್ತು. "ಬೇಗ ಬನ್ನಿ ಮಾರಾಯ್ರೇ, ಐಸ್ ಕರಗ್ತಾ ಉಂಟು" ಎಂದು ಫೋನು. ನಾನು ಮುಟ್ಟುವ ಹೊತ್ತಿಗೆ ಗಾಡಿ ಆರಿ ಚಾಲೂ ಆಗಿರುತ್ತಿತ್ತು. ಪ್ಲಗ್ ಬದಲಿಸಿದೆ, ಕಾಯಿಲ್ ಬದಲಿಸಿದೆ. ಅವರ ದುಡ್ಡು ಹೋಯಿತು, ಎರಡು ಸಲ ಬುಟ್ಟಿಗಟ್ಟಲೆ ಬಂಗುಡೆಯೂ ಹಾಳಾಯಿತು. ಆ ನೋವು ನನಗೆ ಇವತ್ತಿಗೂ ಇದೆ. ಕೊನೆಗೆ, "ಇನ್ನೊಮ್ಮೆ ನಿಂತರೆ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು, ಎಂಜಿನ್ ಎಷ್ಟು ವೇಗ ತಿರುಗುತ್ತದೆಂದು ತೋರಿಸುವ ಮುಳ್ಳು, ನೋಡಿ ಹೇಳಿ" ಅಂದೆ. ಮುಳ್ಳು ಸೊನ್ನೆಯಿಂದ ಏಳಲೇ ಇಲ್ಲ ಎಂದರು. ಕ್ರ್ಯಾಂಕ್ ಸೆನ್ಸರು! ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುವುದು ಅದೇ. ಅದರೊಳಗಿನ ಕೂದಲೆಳೆಯಂಥ ತಂತಿ ಕಾದಾಗ ಬಿಟ್ಟುಕೊಂಡು, ಆರಿದಾಗ ಮತ್ತೆ ಕೂಡುತ್ತಿತ್ತು. ಸುದ್ದಿ ಹೋಗದಿದ್ದರೆ ಸ್ಪಾರ್ಕೂ ಇಲ್ಲ, ಪೆಟ್ರೋಲೂ ಇಲ್ಲ. ಮುಂದಿನ ಸಲ ಒದ್ದೆ ಬಟ್ಟೆ ಸುತ್ತಿ ಸೆನ್ಸರನ್ನಷ್ಟೇ ತಂಪು ಮಾಡಿದೆ, ಎರಡೇ ನಿಮಿಷಕ್ಕೆ ಎಂಜಿನ್ ಹಿಡಿಯಿತು. ಹೊಸದು ಹಾಕಿದ ಮೇಲೆ ಆ ವ್ಯಾನು ದಾರಿಯಲ್ಲಿ ನಿಂತಿಲ್ಲ.

ಮುಳ್ಳು ಏಳುತ್ತಿದ್ದರೆ ಪೆಟ್ರೋಲಿನ ಕಡೆ ನೋಡಿ. ಚಾವಿ ಆನ್ ಮಾಡಿದಾಗ ಹಿಂದಿನ ಟ್ಯಾಂಕಿನಿಂದ ಒಂದೆರಡು ಸೆಕೆಂಡು ಜುಂಯ್ ಎನ್ನುವ ಪಂಪಿನ ಸದ್ದು ಬರಬೇಕು. ಹಳೆಯ ಕಾರ್ಬುರೇಟರ್ ಗಾಡಿಗಳ ಕಥೆ ಬೇರೆ. ಅವುಗಳ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಆಸುಪಾಸಿನಲ್ಲೇ ಆವಿಯಾಗುವುದರಿಂದ ಪೈಪಿನಲ್ಲಿ ಆವಿ ಕಟ್ಟಿಕೊಳ್ಳುತ್ತದೆ. ಅಂಬಾಸಿಡರ್ ಕಾಲದ ಡ್ರೈವರುಗಳು ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರಲ್ಲ, ಅದು ಸರಿಯಾದ ಮದ್ದೇ. ಪೆಟ್ರೋಲು ವಾಸನೆ ಗಪ್ಪೆಂದು ಬಂದರೆ ಮಾತ್ರ ಎಂಜಿನ್ ಹೆಚ್ಚು ಕುಡಿದಿದೆ ಎಂದರ್ಥ. ಆಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದೇ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡು ಸಾಕು, ನಡುವೆ ಮೋಟಾರಿಗೆ ಬಿಡುವು ಕೊಡಿ.

ಇದೆಲ್ಲದರ ನಡುವೆ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ಒತ್ತಡದಲ್ಲಿರುವ ಆ ನೀರು 100 ಡಿಗ್ರಿ ದಾಟಿದ್ದರೂ ಕುದಿಯದೆ ಕೂತಿರುತ್ತದೆ, ಮುಚ್ಚಳ ಸಡಿಲವಾದೊಡನೆ ಮುಖಕ್ಕೆ ಚಿಮ್ಮುತ್ತದೆ. ಕೈ ಬೆಂದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನು.

ಇನ್ನು ಗ್ಯಾರೇಜಿಗೆ ತರುವಾಗ ರಾತ್ರಿಯಿಡೀ ಆರಿದ ಗಾಡಿ ತರಬೇಡಿ. ಮಧ್ಯಾಹ್ನ ಅರಬೈಲು ಘಟ್ಟದಲ್ಲೋ ಹೆದ್ದಾರಿಯಲ್ಲೋ ಚೆನ್ನಾಗಿ ಓಡಿಸಿಕೊಂಡು ಬನ್ನಿ. ಬಾಗಿಲಲ್ಲಿ ಬಂದ್ ಮಾಡಿ ಹತ್ತು ನಿಮಿಷ ನನ್ನೆದುರೇ ಬಿಡಿ. ಸೆಲ್ಫ್ ತಿರುಗಿತೋ ಇಲ್ಲವೋ, ಮುಳ್ಳು ಎದ್ದಿತೋ ಇಲ್ಲವೋ, ಎಷ್ಟು ನಿಮಿಷಕ್ಕೆ ಚಾಲೂ ಆಯಿತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದರೆ ಅರ್ಧ ಕೆಲಸ ನೀವೇ ಮಾಡಿಕೊಟ್ಟ ಹಾಗೆ. ನಮಸ್ಕಾರ.